ಸದ್ದಿಲ್ಲ, ಸಸ್ಯಾಹಾರಿ, ಸಾಧು

ತಮ್ಮ: ಅಕ್ಕಾ, ಮಗಳು ಮೊಲ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಬೇಸಿಗೆ ರಜ ಬೇರೆ ಶುರುವಾಗಿದೆ. ತಂದುಬಿಡೋಣ ಅಂತ ತೀರ್ಮಾನ ಮಾಡಿದೀವಿ. ಯಾವ ಬಣ್ಣದ್ದು ಗಟ್ಟಿಮುಟ್ಟಾಗಿರುತ್ತೆ ಅಂತ ಹೇಳು, ಸಾಕು.

ಅಕ್ಕ: ತೀರ್ಮಾನ ಆದ್ಮೇಲೆ ಪ್ರಾಣಿ ಡಾಕ್ಟರಾದ ಅಕ್ಕನ್ನ ಕೇಳೋದು ನಮ್ಮ ಮನೆಯವರ ಹಳೇ ಚಾಳಿ. ಬಣ್ಣ ಆಮೇಲಾಯ್ತು. ಮೊಲವೇ ಯಾಕೆ?

ತಮ್ಮ: ಬಾಡಿಗೆ ಮನೆ, ಮೂರನೇ ಮಹಡಿ. ನಾಯಿ ಅಂದ್ರೆ ಓನರ್ ಒಪ್ಪಲ್ಲ. ಬೆಕ್ಕು ಅಂದ್ರೆ ಮೀನು, ಮಾಂಸ ಒಳಗೆ ಬರ್ಬೇಕಾಗುತ್ತೆ ಅಂತ ಅಮ್ಮ ಒಪ್ಪಲ್ಲ. ಮೊಲ ಆದ್ರೆ ಬೊಗಳೋದಿಲ್ಲ, ಸೊಪ್ಪುಸದೆ ತಿಂದ್ಕೊಂಡು ಮೂಲೇಲಿ ಬಿದ್ದಿರುತ್ತೆ, ಮಗು ಎತ್ತಿಕೊಂಡು ಆಡಿಸಬಹುದು. ಸದ್ದಿಲ್ಲ, ಸಸ್ಯಾಹಾರಿ, ಸಾಧು. ಇನ್ನೇನು ಬೇಕು ಹೇಳು?

ಅಕ್ಕ: ನನ್ನ ಟೇಬಲ್ ಮೇಲೆ ಬರೋ ಮೊಲಗಳಲ್ಲಿ ಹೆಚ್ಚಿನವು ಈ ಮೂರು ಗುಣ ನಂಬಿ ತಂದವರ ಮನೆಯವೇ ಕಣೋ. ಒಂದೊಂದಾಗಿ ನೋಡೋಣ. ಕಡೇದರಿಂದ ಶುರು ಮಾಡ್ತೀನಿ. ಸಾಧು ಅಂತ ಯಾರು ಹೇಳಿದ್ದು ನಿಂಗೆ?

ತಮ್ಮ: ಕಾಣುತ್ತಲ್ಲ. ಅಂಗಡೀಲಿ ಕೈಗೆ ಕೊಟ್ರೆ ಅಲ್ಲಾಡದೆ ಕೂತಿರುತ್ತೆ.

ಅಕ್ಕ: ಅದು ಹೆದರಿ ಮರಗಟ್ಟಿರೋದು. ಹದ್ದು, ನರಿ, ಕಾಡುಬೆಕ್ಕು ಎಲ್ಲದರ ಬಾಯಿಗೂ ಬೀಳ್ತಾ ಬಂದ ಜೀವ ಅದು. ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಕತ್ತು ತಿರುಗಿಸದೆ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತೆ, ಮೂಗಿನ ಎದುರು ಒಂಚೂರು ಜಾಗ ಮಾತ್ರ ಕಾಣಲ್ಲ. ಮೇಲಿಂದ ಕೈ ಇಳಿದು ಬಂತು ಅಂದ್ರೆ ಅದರ ಲೆಕ್ಕದಲ್ಲಿ ಹದ್ದೇ ಬಂತು. ನೆಲದಿಂದ ಎತ್ತಿದ ಕ್ಷಣ ಹಿಂಗಾಲು ಝಾಡಿಸುತ್ತೆ. ಆ ಕಾಲಿನ ಬಲ ದೊಡ್ಡದು, ಮೂಳೆ ಮಾತ್ರ ತೀರಾ ಹಗುರ. ಬೆಕ್ಕಿನ ಮೈತೂಕದಲ್ಲಿ ಮೂಳೆಯ ಪಾಲು ಶೇ. 12-13ರಷ್ಟಿದ್ರೆ ಮೊಲದ್ದು ಶೇ. 7-8 ಅಷ್ಟೆ. ಹಿಂಭಾಗಕ್ಕೆ ಆಸರೆ ಕೊಡದೆ ಎತ್ತಿದ್ರೆ ತನ್ನ ಒದೆತಕ್ಕೆ ತನ್ನದೇ ಬೆನ್ನುಮೂಳೆ ಮುರ್ಕೊಳ್ಳುತ್ತೆ. ಹಿಂಗಾಲು ಎಳ್ಕೊಂಡು ಬರೋ ಮೊಲಕ್ಕೆ ನಾನು ಮಾಡೋಕಾಗೋದು ತೀರಾ ಕಡಿಮೆ.

ತಮ್ಮ: ಕಿವಿ ಹಿಡಿದು ಎತ್ತಬೇಕು ಅಂತಾರಲ್ಲ?

ಅಕ್ಕ: ಅದು ಮ್ಯಾಜಿಕ್ ಮಾಡೋರ ಚಿತ್ರದಲ್ಲಿ. ಕಿವಿ ತುಂಬ ರಕ್ತನಾಳ, ನರ. ಮೈ ಬಿಸಿ ಆಚೆ ಹಾಕೋದೂ ಅಲ್ಲಿಂದಲೇ. ಅದು ಹಿಡಿಕೆ ಅಲ್ಲ. ಇನ್ನೊಂದು ಹುಚ್ಚಿದೆ, ಅಂಗಾತ ಮಲಗಿಸಿ ಹೊಟ್ಟೆ ಸವರಿ ವಿಡಿಯೊ ತೆಗೆಯೋದು. ಆಗ ಅದು ನಿದ್ದೆ ಹೋದ ಹಾಗೆ ಕಾಣುತ್ತೆ. ನರಿ ಬಾಯಲ್ಲಿ ಸಿಕ್ಕಾಗ ಸತ್ತಂತೆ ಬಿದ್ದಿರೋ ಹುಟ್ಟುಗುಣ ಅದು. ಎದೆ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ ಎಷ್ಟು ನಿದ್ದೆ ಅಂತ.

ತಮ್ಮ: ಹಾಗಾದ್ರೆ ಮಗು ಅದರ ಜೊತೆ ಆಡೋದು ಹೇಗೆ?

ಅಕ್ಕ: ನೆಲದ ಮೇಲೆ ಕೂತು. ಇವಳು ಕೂತು ಪುಸ್ತಕ ಓದ್ತಾ ಇರಲಿ, ಅದಾಗೇ ಬಂದು ಮೂಸುತ್ತೆ. ಗದ್ದ ತಂದು ಮೊಣಕಾಲಿಗೆ ಉಜ್ಜುತ್ತೆ. ಗದ್ದದ ಕೆಳಗೆ ವಾಸನೆ ಗ್ರಂಥಿ ಇರುತ್ತೆ, ಇದು ನಂದು ಅಂತ ಗುರುತು ಹಾಕೋದು ಹಾಗೆ. ಹಣೆ ಸವರಿದ್ರೆ ಹಲ್ಲನ್ನ ಮೆಲ್ಲಗೆ ಕಟಕಟ ಅನ್ನಿಸುತ್ತೆ, ಅದು ಖುಷಿ. ಜಾಗ ಇದ್ರೆ ಓಡಿ ಓಡಿ ಗಾಳೀಲಿ ನೆಗೆದು ಮೈ ತಿರುಚುತ್ತೆ. ಅದನ್ನ ಒಂದ್ಸಲ ನೋಡಿದ ಮಗು ಎತ್ತಿಕೊಳ್ಳೋ ಹಟ ಬಿಡುತ್ತೆ. ಆದ್ರೆ ಅಷ್ಟರವರೆಗೆ ಕಾಯಬೇಕು. ಎಂಟೊಂಬತ್ತು ವರ್ಷದ ಮಗು ಕಾಯುತ್ತಾ, ಅಪ್ಪ ಕಾಯಿಸ್ತಾನಾ ಅನ್ನೋದು ಮೊದಲ ಪ್ರಶ್ನೆ.

ತಮ್ಮ: ಸರಿ, ಒಂದು ಹೋಯ್ತು. ಸಸ್ಯಾಹಾರಿ ಅನ್ನೋದನ್ನ ನೀನು ಅಲ್ಲಗಳೆಯೋಕಾಗಲ್ಲ. ದಿನಾ ಎರಡು ಕ್ಯಾರೆಟ್ ಹಾಕಿದ್ರೆ ಮುಗೀತು.

ಅಕ್ಕ: ದಿನಾ ಎರಡು ಕ್ಯಾರೆಟ್ ಹಾಕಿದ್ರೆ ಮೊಲವೂ ಬೇಗ ಮುಗಿಯುತ್ತೆ. ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ, ಅದು ಅಪರೂಪಕ್ಕೆ ಒಂದು ತುಂಡು. ಮೊಲದ ಊಟ ಅಂದ್ರೆ ಹುಲ್ಲು. ತಿನ್ನೋದರಲ್ಲಿ ಶೇ. 80ಕ್ಕಿಂತ ಹೆಚ್ಚು ಒಣಹುಲ್ಲೋ ಹಸಿಹುಲ್ಲೋ ಆಗಿರಬೇಕು, ಅದೂ ಇಪ್ಪತ್ನಾಲ್ಕು ಗಂಟೆ ಮುಂದೆ ಇರಬೇಕು. ಅದರ ಹಲ್ಲು ನಮ್ಮ ಉಗುರಿನ ಹಾಗೆ, ಜೀವಮಾನವಿಡೀ ಬೆಳೀತಾನೇ ಇರುತ್ತೆ. ಮುಂದಿನ ಬಾಚಿಹಲ್ಲಂತೂ ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತೆ. ಗರಗಸದಂಚಿನ ಹುಲ್ಲನ್ನ ಗಂಟೆಗಟ್ಟಲೆ ಅಗಿದಾಗ ಹಲ್ಲು ಸವೆದು ಅಳತೇಲಿರುತ್ತೆ. ಮೆತ್ತಗಿನ ಅನ್ನ, ಬ್ರೆಡ್ಡು, ಬಿಸ್ಕತ್ತು ಹಾಕಿದ್ರೆ ದವಡೆ ಹಲ್ಲು ಓರೆಯಾಗಿ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತೆ. ಆಮೇಲೆ ತಿನ್ನೋದನ್ನೇ ಬಿಡುತ್ತೆ.

ತಮ್ಮ: ಬೆಂಗಳೂರಲ್ಲಿ ಹುಲ್ಲು ಎಲ್ಲಿಂದ ತರ್ಲಿ?

ಅಕ್ಕ: ಅದನ್ನೇ ಮೊಲ ತರೋ ಮುಂಚೆ ಯೋಚಿಸ್ಬೇಕಾಗಿರೋದು. ಟಿಮೊತಿ ಹುಲ್ಲು ಪ್ಯಾಕೆಟ್‌ನಲ್ಲಿ ಸಿಗುತ್ತೆ, ಆನ್‌ಲೈನ್ ತರಿಸ್ತಾರೆ, ಅಗ್ಗ ಅಲ್ಲ. ಡೇರಿ ಇಟ್ಟೋರ ಹತ್ರ ರೋಡ್ಸ್ ಹುಲ್ಲು ಸಿಕ್ಕರೆ ಒಣಗಿಸಿ ಇಟ್ಕೋಬಹುದು. ಗರಿಕೆ ಬಹಳ ಒಳ್ಳೇದು. ಆದ್ರೆ ನಾಯಿ ಓಡಾಡೋ ರಸ್ತೆ ಬದೀದು, ಔಷಧಿ ಹೊಡೆದ ಪಾರ್ಕಿಂದು ಬೇಡ. ಕುದುರೆ ಮೆಂತೆ ಮರಿಗೆ ಸರಿ, ಬೆಳೆದ ಮೊಲಕ್ಕೆ ದಿನಾ ಅಲ್ಲ. ಅದರಲ್ಲಿ ಸುಣ್ಣದಂಶ ಹೆಚ್ಚು. ನಮ್ಮ ಮೈ ಬೇಕಾದಷ್ಟು ಸುಣ್ಣ ಹೀರಿ ಉಳಿದದ್ದನ್ನ ಮಲದಲ್ಲಿ ಬಿಡುತ್ತೆ. ಮೊಲ ಸಿಕ್ಕಿದ್ದನ್ನೆಲ್ಲ ಹೀರ್ಕೊಂಡು ಹೆಚ್ಚಾದದ್ದನ್ನ ಮೂತ್ರದಲ್ಲಿ ಕಳಿಸುತ್ತೆ. ಜಾಸ್ತಿಯಾದ್ರೆ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತೆ, ಕಲ್ಲಾಗುತ್ತೆ.

ತಮ್ಮ: ಸೊಪ್ಪು?

ಅಕ್ಕ: ದಿನಾ ಒಂದು ಹಿಡಿ, ಬದಲಾಯಿಸಿ ಬದಲಾಯಿಸಿ. ಕೊತ್ತಂಬರಿ, ಪುದೀನ, ಕ್ಯಾರೆಟ್ ಸೊಪ್ಪು, ಮೂಲಂಗಿ ಸೊಪ್ಪು. ರಾಮನಗರದ ಕಡೆ ನೆಂಟರಿದ್ರೆ ಹಿಪ್ಪುನೇರಳೆ ಎಲೆ ತರಿಸ್ಕೋ, ರೇಷ್ಮೆಹುಳದಷ್ಟೇ ಇಷ್ಟಪಟ್ಟು ತಿನ್ನುತ್ತೆ. ಪಾಲಕ್, ದಂಟು ಮಿತವಾಗಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಕೂಡದು. ಬಾಲ್ಕನೀಲಿ ಕಣಗಿಲೆ ಕುಂಡ ಇದ್ರೆ ಮೊದಲು ಅದನ್ನ ಬೇರೆ ಕಡೆ ಸಾಗಿಸು. ಮಾರ್ಕೆಟ್ ಸೊಪ್ಪು ಚೆನ್ನಾಗಿ ತೊಳೆದೇ ಹಾಕ್ಬೇಕು. ಇನ್ನೊಂದು ವಿಷಯ, ಅಮ್ಮನಿಗೆ ಮುಂಚೇನೇ ಹೇಳಿಬಿಡು. ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತೆ.

ತಮ್ಮ: ಅಯ್ಯಯ್ಯೋ!

ಅಕ್ಕ: ಎಲ್ಲ ಹಿಕ್ಕೆಯನ್ನೂ ಅಲ್ಲ. ಹುಲ್ಲು ಸೀಕಮ್ ಅನ್ನೋ ದೊಡ್ಡ ಕರುಳಿನ ಭಾಗದಲ್ಲಿ ಹುಳಿತು, ಪ್ರೋಟೀನು, ಬಿ ಜೀವಸತ್ವ ಎಲ್ಲ ತಯಾರಾಗುತ್ತೆ. ಅದು ಮೆತ್ತಗಿನ, ಹೊಳೆಯೋ ಗೊಂಚಲಾಗಿ ಹೊರಗೆ ಬರುತ್ತೆ. ಮೊಲ ಬಾಗಿ ಅಲ್ಲಿಂದಲೇ ಬಾಯಿಗೆ ತಗೊಂಡು ನುಂಗುತ್ತೆ. ಅದು ಎರಡನೇ ಸುತ್ತಿನ ಊಟ, ತಪ್ಪಿಸಿದ್ರೆ ಸೊರಗುತ್ತೆ. ಒಣ ಗುಂಡು ಹಿಕ್ಕೆ ಬೇರೆ, ಅದನ್ನ ಗುಡಿಸಿ ತುಳಸಿ ಗಿಡಕ್ಕೆ ಹಾಕು, ಒಳ್ಳೇ ಗೊಬ್ಬರ.

ತಮ್ಮ: ತುಳಸಿಗೆ ಅಂದ್ರೆ ಅಮ್ಮ ನನ್ನನ್ನೇ ಆಚೆ ಹಾಕ್ತಾಳೆ.

ಅಕ್ಕ: ಹಾಗಾದ್ರೆ ಇದನ್ನೂ ಕೇಳು. ಸಸ್ಯಾಹಾರಿ ಮನೆಗೆ ಸೂಕ್ತ ಅಂತ ನೀನು ತರೋಕೆ ಹೊರಟಿದೀಯಲ್ಲ, ಅಂಗಡೀಲಿ ಸಿಗೋ ಕೆಂಪು ಕಣ್ಣಿನ ಬಿಳಿ ಮೊಲ ಹೆಚ್ಚಾಗಿ ನ್ಯೂಜಿಲೆಂಡ್ ವೈಟ್ ತಳೀದು, ಇಲ್ಲಾ ಅದರ ಬೆರಕೆ. ಮಾಂಸಕ್ಕೆ ಅಂತಲೇ ಬೆಳೆಸಿದ ತಳಿ. ಬೂದು ಬಣ್ಣದ ಸೋವಿಯತ್ ಚಿಂಚಿಲ್ಲಾನೂ ಅಷ್ಟೆ. ಕೊಡೈಕೆನಾಲ್ ಹತ್ರ ಮನ್ನವನೂರಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಅಲ್ಲಿ ಮಾಂಸದ ಮೊಲದ ಮೇಲೇ ಎಷ್ಟೋ ವರ್ಷದಿಂದ ಕೆಲಸ ನಡೀತಿದೆ. ಅಂಗಡಿಯವರು ಅಂಗೈ ಅಗಲದ ಮರಿ ತೋರಿಸಿ "ಇದು ಇಷ್ಟೇ ಸಾರ್, ಬೆಳೆಯಲ್ಲ" ಅಂತಾರೆ. ಅದು ನಾಲ್ಕು ವಾರದ ಮರಿ. ತಾಯಿ ಹಾಲು ಬಿಡೋಕೆ ಮುಂಚೆ ತಂದದ್ದು. ಬದುಕಿದ್ರೆ ನಾಲ್ಕೈದು ಕಿಲೋ ತೂಗುತ್ತೆ. ಎಳೇ ಮರಿ ಹೊಟ್ಟೆ ಹುಲ್ಲಿಗೆ ಇನ್ನೂ ಹದವಾಗಿರಲ್ಲ, ಭೇದಿ ಹತ್ತಿ ವಾರದೊಳಗೆ ಹೋಗೋವೇ ಬಹಳ. ಎಂಟು ವಾರ ತುಂಬದ್ದನ್ನ ತರಲೇಬೇಡ.

ತಮ್ಮ: ಊರ ಕಡೆ ಹೊಲದಲ್ಲಿ ಮರಿ ಸಿಗುತ್ತೆ ಅಂತ ಯಾರೋ ಅಂದ್ರು. ಅದಾದ್ರೆ ಕಾಸೂ ಬೇಡ.

ಅಕ್ಕ: ಆ ಮಾತು ಬಾಯಲ್ಲೂ ಆಡ್ಬೇಡ. ನಮ್ಮ ಹೊಲ, ಕುರುಚಲಲ್ಲಿ ಓಡೋದು ಕಪ್ಪು ಕತ್ತಿನ ಕಾಡುಮೊಲ, ಅದು ಬೇರೇ ಜೀವಿ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆ. ಸಾಕುಮೊಲದ ಮರಿ ಬಿಲದಲ್ಲಿ ಕಣ್ಣುಮುಚ್ಚಿಕೊಂಡು, ಕೂದಲಿಲ್ಲದೆ ಹುಟ್ಟುತ್ತೆ. ಕಾಡುಮೊಲದ್ದು ಬಯಲಲ್ಲೇ ಕಣ್ಣು ಬಿಟ್ಟುಕೊಂಡು, ತುಪ್ಪಳ ಹೊದ್ದುಕೊಂಡು ಹುಟ್ಟುತ್ತೆ. ಅದನ್ನ ಹಿಡಿಯೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಂಗಡಿಯಲ್ಲಿ ಕೊಂಡ್ರೂ, 2018ರ ನಿಯಮದ ಪ್ರಕಾರ ಆ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಕೇಳು, ತೋರಿಸ್ತಾರಾ ನೋಡು. ನನ್ನ ಕೇಳಿದ್ರೆ, ಸಾಕಲಾರದೆ ಬಿಟ್ಟವರಿಂದ ದೊಡ್ಡದನ್ನೇ ತಗೋ. ಗಂಡೋ ಹೆಣ್ಣೋ, ಸ್ವಭಾವ ಎಂಥದ್ದು, ಎಷ್ಟು ದೊಡ್ಡದು ಎಲ್ಲ ಕಣ್ಣೆದುರಿಗೇ ಇರುತ್ತೆ.

ತಮ್ಮ: ಇನ್ನು ಉಳಿದದ್ದು ಸದ್ದಿಲ್ಲ ಅನ್ನೋದು. ಅದಾದ್ರೂ ನಿಜ ತಾನೆ?

ಅಕ್ಕ: ನಿಜ. ನನಗೆ ಭಯ ಇರೋದೂ ಅದರದ್ದೇ. ನಾಯಿಗೆ ನೋವಾದ್ರೆ ಕುಂಯ್ ಅನ್ನುತ್ತೆ, ಬೆಕ್ಕು ಕಿರುಚುತ್ತೆ. ಮೊಲ ನೋವನ್ನ ಮುಚ್ಚಿಡುತ್ತೆ. ಕುಂಟೋದನ್ನ ಹದ್ದು ಮೊದಲು ಆರಿಸ್ಕೊಳ್ಳುತ್ತಲ್ಲ, ಅದಕ್ಕೆ. ಹಾಗಾಗಿ ಮನೆಯವರಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಅದರ ಕರುಳು ಸದಾ ಚಲಿಸ್ತಿರಬೇಕು. ಹೆದರಿಕೆ, ನೋವು, ಸೆಕೆ, ಹುಲ್ಲು ಸಾಲದ್ದು, ಯಾವುದಕ್ಕೇ ಆಗಲಿ ತಿನ್ನೋದು ನಿಲ್ಲಿಸ್ತು ಅಂದ್ರೆ ಕರುಳು ನಿಲ್ಲುತ್ತೆ, ಗ್ಯಾಸ್ ತುಂಬಿ ಉಬ್ಬುತ್ತೆ. ವಾಂತಿ ಮಾಡೋಕೂ ಅದಕ್ಕೆ ಬರಲ್ಲ. ಹತ್ತು ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ಆಗಲೇ ಡಾಕ್ಟರ ಹತ್ರ ಓಡಬೇಕು.

ತಮ್ಮ: ಅಂದ್ರೆ ದಿನಾ ಹಿಕ್ಕೆ ಎಣಿಸ್ತಾ ಕೂರಬೇಕಾ?

ಅಕ್ಕ: ಎಣಿಸ್ಬೇಡ, ನೋಡು. ನಿನ್ನೆಯಷ್ಟೇ ಇದೆಯಾ, ಅಷ್ಟೇ ದಪ್ಪ ಇದೆಯಾ, ಸಣ್ಣದಾಗಿದೆಯಾ, ಕೂದಲಲ್ಲಿ ಪೋಣಿಸಿಕೊಂಡಿದೆಯಾ. ಮಾತಾಡದ ಪ್ರಾಣಿ ದಿನಾ ಕೊಡೋ ವರದಿ ಅದೊಂದೇ. ಮೂತ್ರ ಬೆಳ್ಳಗೆ ಸುಣ್ಣದ ನೀರಿನಂತಿದ್ರೂ, ಸೊಪ್ಪಿನ ಬಣ್ಣಕ್ಕೆ ಕೆಂಪಾಗಿದ್ರೂ ಒಂದೆರಡು ದಿನಕ್ಕೆ ಗಾಬರಿ ಬೇಡ, ಹಾಗೇ ಮುಂದುವರಿದ್ರೆ ತೋರಿಸು. ಒಂದೇ ಮೂಲೇಲಿ ಹೋಗೋ ಅಭ್ಯಾಸ ಅದಕ್ಕೆ ಹುಟ್ಟಿನಿಂದಲೇ ಇರುತ್ತೆ, ಅಲ್ಲೊಂದು ಟ್ರೇ ಇಟ್ಟು ಕಾಗದ, ಮೇಲೆ ಹುಲ್ಲು ಹಾಸಿದ್ರೆ ಕಲಿಯುತ್ತೆ. ಬೆಕ್ಕಿಗೆ ಹಾಕೋ ಗಟ್ಟಿಯಾಗೋ ಮಣ್ಣು ಬೇಡ, ತಿಂದ್ರೆ ಕರುಳು ಕಟ್ಟುತ್ತೆ. ಟ್ರೇ ದಿನಾ ತೆಗೀಬೇಕು. ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿ ಗಲೀಜಾಗಿದ್ರೆ ನೊಣ ಮೊಟ್ಟೆ ಇಡುತ್ತೆ, ಒಂದೇ ದಿನದಲ್ಲಿ ಹುಳ ಮಾಂಸಕ್ಕಿಳಿಯುತ್ತೆ.

ತಮ್ಮ: ವಾರಕ್ಕೊಮ್ಮೆ ಸ್ನಾನ ಮಾಡಿಸಿದ್ರಾಯ್ತು.

ಅಕ್ಕ: ಸ್ನಾನವೇ ಕೂಡದು! ಮೈ ಪೂರ್ತಿ ನೆನೆದ್ರೆ ಆ ಹೆದರಿಕೆಗೆ, ಚಳಿಗೆ ಸತ್ತೇ ಹೋಗಬಹುದು. ತನ್ನ ಮೈ ತಾನೇ ನೆಕ್ಕಿ ಶುದ್ಧ ಮಾಡ್ಕೊಳ್ಳುತ್ತೆ. ಹಿಂಭಾಗ ಕೊಳೆಯಾದ್ರೆ ಅಷ್ಟು ಮಾತ್ರ ಒರೆಸು. ಕಜ್ಜಿ, ಹುಳುಕಡ್ಡಿ ಬಂದ್ರೆ ಅದು ಮಗುವಿಗೂ ಹತ್ತುತ್ತೆ, ಬೇಗ ತೋರಿಸು. ಅಂಗಡಿಯಲ್ಲಿ ನಾಯಿಗೆ ಕೊಡೋ ಚಿಗಟದ ಔಷಧಿ ತಂದು ಬೆನ್ನಿಗೆ ಬಿಡಬೇಡ. ಫಿಪ್ರೋನಿಲ್ ಮೊಲಕ್ಕೆ ವಿಷ. ಬಾಯಿಗೆ ಅಮಾಕ್ಸಿಸಿಲಿನ್ ಕೊಟ್ರೆ ಕರುಳಿನ ಒಳ್ಳೇ ಸೂಕ್ಷ್ಮಜೀವಿ ಸತ್ತು ಮೊಲವೂ ಸಾಯುತ್ತೆ. ಮನೆಯಲ್ಲಿ ಉಳಿದಿದ್ದ ಸಿರಪ್ಪು ಹಾಕಿ ನೋಡೋಣ ಅನ್ನೋರು ನಮ್ಮಲ್ಲಿ ಕಮ್ಮಿಯಿಲ್ಲ. ನಾಯಿ, ಹಸು ನೋಡೋ ಎಲ್ಲ ಡಾಕ್ಟರಿಗೂ ಮೊಲದ ಅಭ್ಯಾಸ ಇರಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಆದ್ರೆ ರಾತ್ರಿ ಹನ್ನೊಂದಕ್ಕೆ ನಿನ್ನ ಏರಿಯಾದಲ್ಲಿ ಮೊಲ ನೋಡೋರು ಯಾರು ಅಂತ ಮೊದಲು ಹುಡುಕಿ ನಂಬರ್ ಇಟ್ಕೋ. ಸಿಗಲಿಲ್ಲ ಅಂದ್ರೆ ಮೊಲದ ವಿಚಾರ ಅಲ್ಲಿಗೇ ಬಿಡು.

ತಮ್ಮ: ಬಾಲ್ಕನೀಲಿ ಒಂದು ಪಂಜರ ಇಟ್ರೆ ಜಾಗಕ್ಕೇನೂ ತೊಂದರೆ ಇಲ್ಲ ಅಲ್ವಾ?

ಅಕ್ಕ: ನಿನ್ನ ಬಾಲ್ಕನಿ ಯಾವ ದಿಕ್ಕಿಗೆ?

ತಮ್ಮ: ಪಶ್ಚಿಮಕ್ಕೆ.

ಅಕ್ಕ: ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ. ಮೊಲಕ್ಕೆ 15ರಿಂದ 25 ಹಿತ, 30 ದಾಟಿದ್ರೆ ಕಷ್ಟ. ಮೈ ಬೆವರಲ್ಲ, ಹೆಚ್ಚಾಗಿ ಕಿವಿಯಿಂದಲೇ ಬಿಸಿ ಹೋಗಬೇಕು. ಕಲಬುರಗಿ, ರಾಯಚೂರಿನೋರು ಕೇಳಿದ್ರೆ ಕೂಲರ್ ಇಲ್ಲದೆ ಬೇಡವೇ ಬೇಡ ಅಂತೀನಿ. ಬೆಂಗಳೂರಲ್ಲಿ ಒಳಗಿನ ತಂಪು ಕೋಣೆ, ಕಲ್ಲು ನೆಲ, ಬಟ್ಟೆ ಸುತ್ತಿದ ಐಸ್ ಬಾಟಲು ಇದ್ರೆ ಸುಧಾರಿಸುತ್ತೆ. ಅದೂ ಅಲ್ಲದೆ ತಂತಿ ತಳದ ಪಂಜರದಲ್ಲಿ ಪಾದ ಹುಣ್ಣಾಗುತ್ತೆ. ಅದರ ಅಂಗಾಲಿಗೆ ನಾಯಿಗಿರೋ ಮೆತ್ತೆ ಇಲ್ಲ, ಬರೀ ಕೂದಲು. ಬ್ರಿಟನ್ನಿನ ಮೊಲ ಕ್ಷೇಮ ಸಂಸ್ಥೆಯವರು ಒಂದು ಜೋಡಿಗೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗ ಬೇಕು ಅಂತಾರೆ. ಅಂದ್ರೆ ಒಂದು ಸಣ್ಣ ಕೋಣೆ.

ತಮ್ಮ: ಜೋಡಿ ಅಂದ್ಯಾ?

ಅಕ್ಕ: ಹೂಂ, ಎರಡು. ಗುಂಪಲ್ಲಿ ಬದುಕೋ ಪ್ರಾಣಿ, ಒಂಟಿಯಾದ್ರೆ ಬೇಸತ್ತು ಕೂರುತ್ತೆ. ನೀವೆಲ್ಲ ಆಫೀಸು, ಸ್ಕೂಲು ಅಂತ ಹೋದ್ರೆ ಹತ್ತು ಗಂಟೆ ಅದರ ಜೊತೆ ಯಾರಿರ್ತಾರೆ? ಗಿನಿ ಇಲಿ ಜೊತೆ ಬಿಟ್ರೂ ಆಗಲ್ಲ, ಊಟ ಬೇರೆ, ರೋಗ ದಾಟುತ್ತೆ.

ತಮ್ಮ: ಒಂದು ಕೇಳೋಕೆ ಬಂದ್ರೆ ಎರಡು ಅಂತೀಯ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋಳು ಬಿಡು.

ಅಕ್ಕ: ನಿನ್ನ ಮೊಲಕ್ಕೆ ನಾಲ್ಕು ಕಾಲೂ ಉಳೀಲಿ ಅಂತ ಹೇಳ್ತಿದೀನಿ ಕಣೋ.

ತಮ್ಮ: ಒಂದು ಗಂಡು, ಒಂದು ಹೆಣ್ಣು ತಂದ್ರೆ ಮರಿ ಹಾಕುತ್ತಲ್ಲ. ಮಗಳಿಗೂ ಖುಷಿ.

ಅಕ್ಕ: ಲೆಕ್ಕ ಹಾಕು. ಗರ್ಭ 30-32 ದಿನ. ಹೆಣ್ಣಿಗೆ ಬೆದೆಗೆ ಕಾಯೋ ಪದ್ಧತಿ ಇಲ್ಲ, ಗಂಡು ಸೇರಿದ ಮೇಲೇ ಅಂಡ ಬಿಡುಗಡೆ ಆಗುತ್ತೆ. ಈಯ್ದ ದಿನವೇ ಮತ್ತೆ ಗಬ್ಬ ಆಗಬಹುದು. ಸೂಲಿಗೆ ಆರೆಂಟು ಮರಿ. ಆ ಮರಿಗಳು ನಾಲ್ಕೈದು ತಿಂಗಳಿಗೆ ತಾವೇ ತಾಯಿಯಾಗೋಕೆ ತಯಾರು. ಎರಡೂ ಹೆಣ್ಣು ಅಂತ ಅಂಗಡಿಯವನು ಕೊಟ್ಟಿರ್ತಾನೆ, ಎಳೇ ಮರೀಲಿ ಗಂಡು ಹೆಣ್ಣು ಗುರುತಿಸೋದು ನಮಗೂ ಸುಲಭ ಅಲ್ಲ. ಆದ್ದರಿಂದ ಎರಡಕ್ಕೂ ಆಪರೇಷನ್ ಮಾಡಿಸ್ಬೇಕು. ಗಂಡಿಗೆ ಮಾಡಿಸಿದ ಮೇಲೂ ಆರು ವಾರ ಬೇರೆ ಇಡಬೇಕು. ಆಪರೇಷನ್ ಆಗದ ಹೆಣ್ಣುಗಳಿಗೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಆಮೇಲೂ ಎರಡನ್ನ ಒಂದೇ ಸಲ ಒಂದೆಡೆ ಬಿಟ್ರೆ ಕಚ್ಚಾಡುತ್ತವೆ, ಯಾವುದರದ್ದೂ ಅಲ್ಲದ ಜಾಗದಲ್ಲಿ ದಿನಾ ಸ್ವಲ್ಪ ಹೊತ್ತು ಪರಿಚಯ ಮಾಡಿಸ್ಬೇಕು. ಮೊಲಕ್ಕೆ ಕೊಡೋದು ಕೆಲವು ನೂರು ರೂಪಾಯಿ. ಆಪರೇಷನ್, ಹುಲ್ಲು, ಡಾಕ್ಟರ ಫೀಸು ಅದರ ಎಷ್ಟೋ ಪಟ್ಟು.

ತಮ್ಮ: ಒಂದು ವೇಳೆ ನಿಭಾಯಿಸೋಕಾಗಲಿಲ್ಲ ಅಂದ್ರೆ, ಯಾವುದಾದ್ರೂ ತೋಟಕ್ಕೆ ಬಿಟ್ಟು ಬರಬಹುದಲ್ಲ? ಹುಲ್ಲು ಬೇಕಾದಷ್ಟಿರುತ್ತೆ.

ಅಕ್ಕ: ಹಸಿರು ಹುಲ್ಲಲ್ಲಿ ಬೆಳ್ಳಗಿನ ಮೊಲ ಬಿಟ್ರೆ ಮೊದಲ ರಾತ್ರಿಯೇ ನಾಯಿಗೋ ಮುಂಗುಸಿಗೋ ಸಿಗುತ್ತೆ. ಬಿಲ ತೋಡೋದು, ಅಡಗೋದು ಯಾರೂ ಅದಕ್ಕೆ ಕಲಿಸಿಲ್ಲ. ಹೊಟ್ಟೆಗಿಲ್ಲದೆ ನರಳೋ ಹಾಗೆ ಪ್ರಾಣೀನ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಚೆನ್ನಾಗಿ ನೋಡ್ಕೊಂಡ್ರೆ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತೆ. ಇವತ್ತು ಹಟ ಮಾಡೋ ಮಗಳು ಆಗ ಕಾಲೇಜಲ್ಲಿರ್ತಾಳೆ. ಯುಗಾದಿಗೆ, ಮದುವೆ ಮುಂಜಿಗೆ ಊರಿಗೆ ಬರೋವಾಗ ಯಾರು ನೋಡ್ಕೋತಾರೆ? ಬಸ್ಸಲ್ಲಿ ಹೊತ್ಕೊಂಡು ಬಂದ್ರೆ ಆ ಗಾಬರಿಗೇ ಕರುಳು ನಿಲ್ಲುತ್ತೆ. ಬೆಳಗಿನ ಜಾವ, ಸಂಜೆ ಚುರುಕಾಗೋ ಪ್ರಾಣಿ, ನಾಲ್ಕೂವರೆಗೆ ಎದ್ದು ಹಿಂಗಾಲಲ್ಲಿ ನೆಲ ಬಡಿದ್ರೆ ಕೆಳಗಿನ ಮನೆಯೋರು ಏನಂತಾರೆ? ಮೊಬೈಲ್ ಚಾರ್ಜರ್ ವೈರು ಕಂಡ್ರೆ ಕತ್ತರಿಸದೆ ಬಿಡಲ್ಲ, ಅದಕ್ಕೆಲ್ಲ ಪೈಪ್ ಹಾಕಿಸ್ತೀಯಾ? ಬಾಡಿಗೆ ಮನೆ ಬಾಗಿಲ ಚೌಕಟ್ಟು ಕೆರೆದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೋತಾರೆ. ಓನರಿಗೆ ಮೊಲದ ವಿಷಯ ಹೇಳಿದೀಯಾ?

ತಮ್ಮ: ಇಲ್ಲ. ಸದ್ದಿಲ್ಲದ ಪ್ರಾಣಿ, ಹೇಳೋದೇನು ಅಂದ್ಕೊಂಡಿದ್ದೆ. ಇಷ್ಟು ಹೇಳ್ತೀಯಲ್ಲ, ತರಲೇಬೇಡ ಅಂತ ಒಂದೇ ಮಾತಲ್ಲಿ ಹೇಳಿಬಿಡಬಾರದಾ?

ಅಕ್ಕ: ಹಾಗೆ ನಾನು ಹೇಳ್ತಿಲ್ಲ. ಮೊಲ ಸಾಕೋದು ಖುಷಿ ಕೊಡೋ ಕೆಲಸವೇ. ಆದ್ರೆ ಅನುಕೂಲ ಅಂತ ನೀನು ಪಟ್ಟಿ ಮಾಡಿದ ಒಂದೊಂದರ ಬೆನ್ನ ಹಿಂದೆಯೂ ಒಂದು ಕೆಲಸ ಇದೆ. ಸುಮ್ಮನಿರೋದಕ್ಕೆ ದಿನಾ ನೀನೇ ಹೋಗಿ ವಿಚಾರಿಸ್ಬೇಕು. ಹುಲ್ಲು ತಿನ್ನೋದಕ್ಕೆ ಹುಲ್ಲು ತಪ್ಪದ ಹಾಗೆ ನೋಡ್ಕೋಬೇಕು. ಹೆದರೋದಕ್ಕೆ ಹೆದರಿಸದ ಮನೆ ಬೇಕು. ಅದಕ್ಕೇ ನೀವು ಮಾಡ್ತಿರೋ ಕ್ರಮ ತಿರುಗುಮುರುಗಾಗಿದೆ. ಮೊದಲು ಡಾಕ್ಟರು, ಆಮೇಲೆ ಹುಲ್ಲು, ಆಮೇಲೆ ಜಾಗ, ಓನರ ಒಪ್ಪಿಗೆ, ಮೊಲ ಕಡೇಗೆ.

ತಮ್ಮ: ಹಾಗಾದ್ರೆ ಯಾವಾಗ ತರ್ಲಿ? ರಜ ಮುಗಿಯೋದರೊಳಗೆ ಅಂತ ಅವಳ ಆಸೆ.

ಅಕ್ಕ: ರಜಾದಲ್ಲಿ ಬೇಡ. ಮೇ ತಿಂಗಳ ಸೆಕೆ ಒಂದು. ಜೂನ್‌ನಲ್ಲಿ ಸ್ಕೂಲು ಶುರುವಾದ್ರೆ ಎರಡು ತಿಂಗಳು ಇಡೀ ದಿನ ಜೊತೆಗಿದ್ದ ಮಗು ಇದ್ದಕ್ಕಿದ್ದಂತೆ ಇರಲ್ಲ, ಅದು ಇನ್ನೊಂದು. ಮಳೆಗಾಲ ಕಳೀಲಿ, ದೀಪಾವಳಿ ಪಟಾಕಿ ಸದ್ದೂ ಮುಗೀಲಿ. ಆಮೇಲೆ ತಂಪು, ಹೊಸ ಮನೆಗೆ ಹೊಂದ್ಕೊಳ್ಳೋಕೆ ಮೊಲಕ್ಕೂ ಸುಲಭ. ಅಲ್ಲಿವರೆಗೆ ಒಂದು ಕೆಲಸ ಮಾಡು. ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ ಇಪ್ಪತ್ತು ಇಪ್ಪತ್ತು ನಿಮಿಷ ಮೊಲಕ್ಕೆ ಅಂತ ಎತ್ತಿಟ್ಟು ನೋಡು, ಮೊಲ ಇಲ್ಲದೇನೇ. ಹುಲ್ಲು ಎಲ್ಲಿ ಸಿಗುತ್ತೆ ಹುಡುಕು, ವೈರು ಕಟ್ಟು, ಮೊಲ ಸಾಕಿರೋರ ಮನೆಗೆ ಮಗಳನ್ನ ಕರ್ಕೊಂಡು ಹೋಗಿ ಟ್ರೇ ತೆಗೆಸು.

ತಮ್ಮ: ದೀಪಾವಳಿ ಹೊತ್ತಿಗೆ ಅವಳು ಮರೆತೇ ಬಿಟ್ಟಿದ್ರೆ?

ಅಕ್ಕ: ಮರೀಲಿ ಬಿಡು, ಮಕ್ಕಳು ಮರೆಯೋದೇ. ಆಗ ನಿನಗೆ ಇನ್ನೂ ಬೇಕು ಅನ್ನಿಸ್ತಾ ಇದೆಯಾ ಅಂತ ಕೇಳ್ಕೋ. ಹುಲ್ಲು ಹಾಕೋನು ನೀನೇ ತಾನೆ.